ಸ್ಥಳೀಯರಿಗೆ ಮಾತ್ರ

ಬಾಗಿಲು ದಬದಬನೆ ಬಡಿದ ಸದ್ದಿಗೆ ಶಾಂತವೀರಪ್ಪ ಊಟದ ತಟ್ಟೆಯಿಂದ ಕೈ ಎತ್ತಿದ.

ಹೊರಗೆ ರುದ್ರೇಶ್ ನಿಂತಿದ್ದ. ಮೂಡಿಗೆರೆ ವರ್ತಕರ ಸಂಘದ ಕಾರ್ಯದರ್ಶಿ. ಬಸ್ ಸ್ಟ್ಯಾಂಡಿನಿಂದ ಓಡಿಯೇ ಬಂದವನಿಗೆ ಮಾತಾಡಲು ಉಸಿರಿರಲಿಲ್ಲ.

"ಶಾಂತಣ್ಣ, ಬಂದೇಬಿಟ್ರು."

"ಯಾರು ಮಾರಾಯ?"

"ಕೊಯಮತ್ತೂರಿನವ್ರು! ಮಲ್ಲಿಕಾರ್ಜುನಪ್ಪನ ಶೆಡ್ಡಿನಲ್ಲಿ ಮೆಷಿನ್ ಇಳಿಸ್ತಿದ್ದಾರೆ. ಕಾಫಿ ಹುರಿಯೋ ಮೆಷಿನ್ನು. ಅದರ ಮುಂದೆ ನಿಮ್ಮ ಮಿಲ್ಲಿಂದು ಬಾಣಲೆ ಇದ್ದಂಗೆ ಕಾಣುತ್ತೆ."

ಅಡುಗೆಮನೆಯಲ್ಲಿ ಶಾಂತವೀರಪ್ಪನ ಹೆಂಡತಿ ಪ್ರೇಮಕುಮಾರಿ ಹಾಲಿನ ಪಾತ್ರೆ ಮುಚ್ಚಿದಳು. ಗಂಡನ ಹಸಿವು ಸತ್ತಿತ್ತು.

ಆ ಕಂಪನಿಯ ಪುಡಿ ಎರಡು ವರ್ಷ ಅವನ ನಿದ್ದೆ ಕೆಡಿಸಿತ್ತು. ಪಕ್ಕದ ಬಾಳೂರಿನ ಕಾಫಿ ಬೀಜವೇ ಬೆಟ್ಟ ಇಳಿದು ಕೊಯಮತ್ತೂರಿಗೆ ಹೋಗಿ, ಪುಡಿಯಾಗಿ ಬೆಟ್ಟ ಹತ್ತಿ ಬರುತ್ತಿತ್ತು. ಮೂಡಿಗೆರೆಯ ಅಂಗಡಿ ಅಂಗಡಿಯಲ್ಲೂ ಆ ಪೊಟ್ಟಣಗಳು ಮಾಲೆಯಾಗಿ ತೂಗಾಡಿದವು. ಬೆಲೆ ಕಡಿಮೆ, ಘಮ ಹೆಚ್ಚು. ಶಾಂತವೀರಪ್ಪ ಸಂಘ ಕಟ್ಟಿಕೊಂಡು ಬೆಂಗಳೂರಿಗೆ ಅಲೆದ. 'ನಮ್ಮ ನೆಲ, ನಮ್ಮ ಬೆಳೆ, ನಮ್ಮ ವ್ಯಾಪಾರ' ಎಂದು ಭಾಷಣ ಮಾಡಿದ. ೧೯೯೮ರಲ್ಲಿ ಸರ್ಕಾರ ಮಣಿಯಿತು. ಹೊರರಾಜ್ಯದ ಪುಡಿಯ ಮೇಲೆ ಪ್ರವೇಶ ತೆರಿಗೆ ಬಿತ್ತು. ತಾಲ್ಲೂಕಿನಲ್ಲಿ ಹೊಸದಾಗಿ ಮಿಲ್ಲು ಹಾಕುವವರಿಗೆ ಕೆಲವು ವರ್ಷ ಮಾರಾಟ ತೆರಿಗೆಯ ಮಾಫಿಯನ್ನೂ ಸರ್ಕಾರ ಕೇಳದೆಯೇ ಕೊಟ್ಟಿತು. ಅದು ಹೊರಗಿನವರ ಪಾಲಾಗಬಾರದೆಂದು ಶಾಂತವೀರಪ್ಪ ಹಟ ಹಿಡಿದು ಒಂದು ಷರತ್ತು ಹಾಕಿಸಿದ: ಮಾಲೀಕರು ಇದೇ ತಾಲ್ಲೂಕಿನಲ್ಲಿ ಹುಟ್ಟಿದವರಾಗಿರಬೇಕು.

"ಹಾಗಾದ್ರೆ ನಿಮಗೇ ಸಿಗಲ್ವಲ್ರೀ, ನೀವು ಕಡೂರಿನವ್ರು," ಎಂದು ಪ್ರೇಮಕುಮಾರಿ ಅಂದೇ ನಕ್ಕಿದ್ದಳು.

"ನನಗ್ಯಾಕೆ ಅದು? ನನಗೆ ಮಿಲ್ಲಿದೆ."

ಮಿಲ್ಲು ಮೂಡಿಗೆರೆಯ ಮಾವ ಗಂಗಾಧರಪ್ಪನಿಂದ ಬಂದದ್ದು. ಅಳಿಯನ ಕಾಲದಲ್ಲಿ ಬೆಳೆದಿತ್ತು. ಹೆಸರೂ ಅಳಿಯನದೇ ಆಗಿತ್ತು.

ತೆರಿಗೆ ಬಂದ ತಿಂಗಳಲ್ಲೇ ಹೊರಗಿನ ಪೊಟ್ಟಣಗಳು ಮಾಯವಾದವು. ಶಾಂತವೀರಪ್ಪ ಪುಡಿಯ ಬೆಲೆ ಏರಿಸಿದ. ಅದರೊಳಗಿನ ಚಿಕೋರಿಯನ್ನೂ ಏರಿಸಿದ.

"ಅಪ್ಪ ಇದ್ದಿದ್ರೆ ಇದನ್ನ ಒಲೆಬೂದಿ ಅಂತಿದ್ರು," ಎಂದು ಪ್ರೇಮಕುಮಾರಿ ಲೋಟ ಕೆಳಗಿಟ್ಟಳು. "ಒಂದಿನ ನಾನೇ ಬಂದು ಹುರಿಸ್ಲಾ?"

"ಮಿಲ್ಲು ಗಂಡಸರು ಓಡಾಡೋ ಜಾಗ. ಜನ ಕುಡೀತಾರೆ ಬಿಡು ಮಾರಾಯ್ತಿ. ಬೇರೆ ಎಲ್ಲಿಗೆ ಹೋಗ್ತಾರೆ?"

ಈಗ ಹೋಗಲು ಜಾಗ ಬಂದಿತ್ತು, ಅದೂ ಅವನ ಮಿಲ್ಲಿನಿಂದ ಕೂಗಳತೆಯಲ್ಲಿ.

ಮರುದಿನವೇ ಸಂಘದ ಸಭೆ ಸೇರಿತು. ಮಾಫಿ ಸಿಗಬೇಕಾದರೆ ಷರತ್ತಿನಂತೆ ಕಂಪನಿಗೆ ಮಾಲೀಕರೆಂದು ಊರಿನವರೊಬ್ಬರ ಹೆಸರು ಬೇಕೇಬೇಕು. ಯಾರೋ ಕೊಟ್ಟಿದ್ದರು. ಎಲ್ಲರ ಕಣ್ಣು ಅಕ್ಕಿ ಮಿಲ್ಲಿನ ಮಲ್ಲಿಕಾರ್ಜುನಪ್ಪನ ಮೇಲೆ ನಿಂತಿತು.

"ಶೆಡ್ಡು ಬಾಡಿಗೆಗೆ ಕೊಟ್ಟಿದ್ದೀನಿ, ಹೆಸರು ಕೊಟ್ಟಿಲ್ಲ," ಎಂದ ಮಲ್ಲಿಕಾರ್ಜುನಪ್ಪ, ಎಲೆಯಡಿಕೆ ದವಡೆಗೆ ಒತ್ತುತ್ತಾ. "ಕೊಟ್ಟವರು ಯಾರು ಅಂತ ನಾನು ಹೇಳಿದ್ರೆ ಶಾಂತವೀರಪ್ನೋರಿಗೆ ರಾತ್ರಿ ಊಟ ಹುಟ್ಟಲ್ಲ."

"ನನ್ನ ಊಟದ ಚಿಂತೆ ನಿಮಗೆ ಬೇಡ!" ಶಾಂತವೀರಪ್ಪ ಮೇಜು ಗುದ್ದಿದ. "ಹೆಸರು ಕೊಟ್ಟೋರ ಮನೆಗೆ ಯಾರೂ ಒಂದು ಮೂಟೆ ಬೀಜ ಕೊಡಬಾರ್ದು. ಆ ಮನೆಯಿಂದ ಒಂದು ಪೊಟ್ಟಣ ಪುಡಿ ಕೊಳ್ಳಬಾರ್ದು. ಎಲ್ರೂ ಆಣೆ ಮಾಡಿ."

"ಮನೆ ಅಂದ್ರೆ ಇಡೀ ಮನೆಯಾ?" ಹಿಂದಿನಿಂದ ಯಾರೋ ಕೇಳಿದರು.

"ಇಡೀ ಮನೆ! ಗಂಡ, ಹೆಂಡ್ತಿ, ಮಕ್ಕಳು, ಯಾರನ್ನೂ ಬಿಡೋ ಹಾಗಿಲ್ಲ."

ಕೈಗಳು ಮೇಲೆದ್ದವು. ಮಲ್ಲಿಕಾರ್ಜುನಪ್ಪನ ಕೈ ಎಲ್ಲಕ್ಕಿಂತ ಮೊದಲು ಎದ್ದಿತು. ಶಾಂತವೀರಪ್ಪನಿಗೆ ಅನುಮಾನ ಗಟ್ಟಿಯಾಯಿತು: ಕಳ್ಳನಿಗೇ ಅವಸರ ಹೆಚ್ಚು.

ಆ ವಾರ ಕಂಪನಿಯ ಮ್ಯಾನೇಜರ್ ಹಣ್ಣಿನ ತಟ್ಟೆ ಹಿಡಿದು ಮಿಲ್ಲಿಗೇ ಬಂದ.

"ಶುಕ್ರವಾರ ಮೆಷಿನ್ ಪೂಜೆ ಸಾರ್. ನೀವು ಬರ್ಲೇಬೇಕು. ಆ ತೆರಿಗೆ ಇಲ್ದಿದ್ರೆ ನಾವು ಕೊಯಮತ್ತೂರು ಬಿಡ್ತಾನೇ ಇರ್ಲಿಲ್ಲ. ಇಲ್ಲಿಗೆ ಬಂದಿದ್ದಕ್ಕೆ ಈಗ ತೆರಿಗೇನೂ ಉಳೀತು, ಲಾರಿ ಖರ್ಚೂ ಉಳೀತು."

ಶಾಂತವೀರಪ್ಪ ಹಲ್ಲು ಕಚ್ಚಿದ. "ಮಾಲೀಕರು ಯಾರು?"

"ಪೂಜೆಗೆ ಬಂದ್ರೆ ನೋಡ್ತೀರಿ. ಮಣೆ ಮೇಲೆ ಕೂರೋದು ಅವರೇ ಅಲ್ವಾ? ಒಳ್ಳೇ ಜನ ಸಾರ್. ಹೆಸರಿಗೆ ದುಡ್ಡು ಕೊಡ್ತೀವಿ ಅಂದ್ವಿ. ದುಡ್ಡು ಬೇಡ, ಕೆಲಸ ಕೊಡಿ ಅಂದ್ರು."

'ದುಡ್ಡು ಬೇಡವಂತೆ! ಎಂಥ ನಾಟಕ' ಎಂದುಕೊಂಡ ಶಾಂತವೀರಪ್ಪ. ಆದರೆ ಹೋಗಲು ತೀರ್ಮಾನಿಸಿದ. ದ್ರೋಹಿಯನ್ನು ಮಣೆಯ ಮೇಲೆಯೇ ಹಿಡಿಯಬೇಕು, ಊರೇ ನೋಡುವ ಹಾಗೆ.

ಶುಕ್ರವಾರ ಪ್ರೇಮಕುಮಾರಿ ಬೆಳಿಗ್ಗೆಯೇ ಮಿಂದು ರೇಷ್ಮೆ ಸೀರೆ ಉಟ್ಟಳು. "ಪೂಜೆಗೆ ಹೊರಟೆ, ತಿಂಡಿ ಮುಚ್ಚಿಟ್ಟಿದ್ದೀನಿ," ಎಂದಳು. ಪ್ರತಿ ಶುಕ್ರವಾರವೂ ಅವಳು ಗುಡಿಗೆ ಹೋಗುವವಳೇ. ಗಂಡ ತಲೆ ಎತ್ತಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಸಂಘದ ಇಡೀ ದಂಡು ಅವನ ಹಿಂದೆ ಹೊರಟಿತು. ಶೆಡ್ಡಿನ ಮುಂದೆ ಜನ ಕಿಕ್ಕಿರಿದಿದ್ದರು. ಮಾವಿನ ತೋರಣ, ಊದುಬತ್ತಿಯ ಹೊಗೆ. ಒಳಗಿನಿಂದ ಪೂಜಾರಿಯ ದನಿ ಕೇಳಿಸಿತು: "ಮಾಲೀಕರೇ, ಎದ್ದು ಸ್ವಿಚ್ ಒತ್ತಿ."

"ತಡೀರಿ!" ಶಾಂತವೀರಪ್ಪ ಗುಡುಗಿದ. ಎದುರಿಗೇ ಮಲ್ಲಿಕಾರ್ಜುನಪ್ಪ ಜನರ ನಡುವೆ ಕೈ ಕಟ್ಟಿ ನಿಂತಿದ್ದ. ಅಂದರೆ ಮಣೆಯ ಮೇಲೆ ಇರುವುದು ಅವನಲ್ಲ. ಶಾಂತವೀರಪ್ಪ ಒಂದು ಕ್ಷಣ ತಡವರಿಸಿ, ಮತ್ತೆ ದನಿ ಏರಿಸಿದ. "ದಾರಿ ಬಿಡ್ರೀ! ಯಾರ ಮನೆ ಅಂತ ಸಂಘದೋರೆಲ್ಲ ಕಣ್ಣಾರೆ ನೋಡ್ಲಿ. ಇವತ್ತಿಂದ ಆ ಮನೆಗೆ ಈ ಊರಲ್ಲಿ ವ್ಯಾಪಾರ ಇಲ್ಲ!"

ಜನ ಎರಡು ಪಾಲಾಗಿ ಸರಿದರು. ಸಂಘದವರು ಇಣುಕಿ ನೋಡಿದರು; ನೋಡಿದವರು ಒಬ್ಬೊಬ್ಬರಾಗಿ ಶಾಂತವೀರಪ್ಪನ ಪಕ್ಕದಿಂದ ಹಿಂದೆ ಸರಿದರು, ರುದ್ರೇಶನೂ.

ಮಣೆಯಿಂದ ಎದ್ದು ಸೆರಗು ಸಿಕ್ಕಿಸಿ ಸ್ವಿಚ್ ಒತ್ತಿದವಳು ಪ್ರೇಮಕುಮಾರಿ.