ಕಪ್ಪೆಯ ನಾಲ್ಕನೆಯ ಹಾಡು

ವಾದ್ಯಗಳ ಕೋಣೆಯ ಚಿಲಕ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಿ, ಬ್ಯಾಂಡ್ ಮೇಷ್ಟ್ರು ಕಪ್ಪೆಯ ಎದುರು ಕುಳಿತರು.

ಕಪ್ಪೆ ಇದ್ದದ್ದು ಶಾಲೆಯ ಲ್ಯಾಪ್‌ಟಾಪಿನಲ್ಲಿ. ಕೈಯಲ್ಲಿ ಮೈಕು, ಎದುರಿಗೆ ಒಂಟಿಕಣ್ಣಿನ ರೋಬೋ. ಕಪ್ಪೆ ಒಂದು ತಾಳದ ಆಟದ್ದು, ರೋಬೋ ಇನ್ನಾವುದೋ ಕಾರು ಓಟದ ಆಟದ್ದು. ಯಾರೋ ಅಭಿಮಾನಿ ಎರಡನ್ನೂ ಒಂದೇ ವೇದಿಕೆಗೆ ತಂದು ಹಾಡಿನ ಜಟಾಪಟಿಗೆ ಬಿಟ್ಟಿದ್ದರು. ಇಂಥದಕ್ಕೆ ಮಕ್ಕಳು ‘ಮಾಡ್’ ಅನ್ನುತ್ತಿದ್ದರು. ಹಾಡಿನ ಜೊತೆಗೆ ಬಾಣಗಳು ಮೇಲೇರಿ ಬರುತ್ತವೆ. ಗೆರೆ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಕೀ ಒತ್ತಬೇಕು. ತಡವಾದರೆ ಕಪ್ಪೆ ಮುಖ ಸಿಂಡರಿಸುತ್ತದೆ.

ಮೇಷ್ಟ್ರ ಕಪ್ಪೆ ಹದಿನೈದು ದಿನದಿಂದ ಮುಖ ಸಿಂಡರಿಸಿಕೊಂಡೇ ಇತ್ತು.

ಐವತ್ತೇಳರ ವಯಸ್ಸಿನಲ್ಲಿ ಊಟದ ಬಿಡುವು ಬಿಟ್ಟು ಕಳ್ಳನಂತೆ ಆಡುವ ಆಟವೇ ಇದು? ಅದೂ ಹೋದ ತಿಂಗಳು ಇದೇ ಆಟಕ್ಕಾಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಾಳದ ಗಂಧಗಾಳಿ ಇಲ್ಲದವರು ಎಂದು ಹಿಗ್ಗಾಮುಗ್ಗಾ ಬೈದವರು. ಹೊರಗೆ ಹೆಜ್ಜೆ ಸಪ್ಪಳವಾದರೆ ಸಾಕು, ಲ್ಯಾಪ್‌ಟಾಪು ಮುಚ್ಚಿಬಿಡುತ್ತಿದ್ದರು.

ತಲೆಗೆ ಹುಳ ಬಿಟ್ಟವರು ಕವಾಯತು ಮೇಷ್ಟ್ರು. ದಿನಾ ಬೆಳಗ್ಗೆ ಮೈದಾನದ ಸ್ಪೀಕರಿನಲ್ಲಿ ಕವಾಯತಿನ ಹಾಡು ಹಾಕುತ್ತಾರೆ. ಬ್ಯಾಂಡ್ ಮೇಷ್ಟ್ರ ಕೈ ನೋಡಿಕೊಂಡು ಮಕ್ಕಳು ಅದರ ಜೊತೆಗೆ ಬಾರಿಸಬೇಕು. “ಅಲ್ರೀ ಮೇಷ್ಟ್ರೇ, ಸ್ಪೀಕರಿನ ಹಾಡಿಗೂ ನಿಮ್ಮ ಬ್ಯಾಂಡಿಗೂ ಒಂಚೂರು ಹೊಂದ್ತಿಲ್ಲ ಅನ್ಸುತ್ತೆ. ನನ್ನ ಕಿವಿಯದೇ ತೊಂದರೆ ಇರ್ಬೋದು ಬಿಡಿ,” ಅಂದಿದ್ದರು.

ಬಿಡುವುದು ಹೇಗೆ? ಮೂವತ್ತು ವರ್ಷದ ಹೆಸರೆಲ್ಲ ಆ ಎತ್ತಿ ಇಳಿಸುವ ಕೈಯಲ್ಲಿತ್ತು. ಕೈ ನಿಧಾನವಾಯಿತೇ? ಯಾರನ್ನು ಕೇಳುವುದು? ಕೇಳಿದರೆ ಬಾಯಿಂದ ಬಾಯಿಗೆ ಹರಡಿ ಮುಖ್ಯೋಪಾಧ್ಯಾಯರ ಕೋಣೆ ಮುಟ್ಟುತ್ತದೆ. ಈ ಕಪ್ಪೆಯಾದರೆ ಯಾರಿಗೂ ಹೇಳುವುದಿಲ್ಲ.

ಮೊದಲ ಮೂರು ಹಾಡು ಹೇಗೋ ದಾಟಿದ್ದವು. ನಾಲ್ಕನೆಯದು ಚುರುಕಿನದು. ‘ತಡ’, ‘ತಡ’, ‘ತಡ’ ಎಂದು ಪರದೆ ತುಂಬ ಕೆಂಪು ಅಕ್ಷರ. ಆವತ್ತೂ ಸೋತರು. ರೇಗಿಹೋಯಿತು. ತಪ್ಪು ಈ ಮಾಡ್ ಕಟ್ಟಿದವನದೇ ಎಂದು ತೀರ್ಮಾನಿಸಿ, ಅದರ ಇಂಟರ್ನೆಟ್ ಪುಟದಲ್ಲಿ ‘ನೀಲಿಕಲ್ಲು’ ಎಂಬ ಹುಸಿ ಹೆಸರಿನಲ್ಲಿ ಬರೆದರು: “ನಾಲ್ಕನೆಯ ಹಾಡಿನ ಬಾಣಗಳು ಮುಂದೋಡುತ್ತಿವೆ. ತಾಳದ ಗಂಧಗಾಳಿ ಇಲ್ಲದವರು ಇಂಥದಕ್ಕೆಲ್ಲ ಕೈ ಹಾಕಬಾರದು.”

ಮರುದಿನ ಉತ್ತರ ಬಂದಿತ್ತು. “ಕ್ಷಮಿಸಿ ಸರ್. ಸರಿಮಾಡಿದ್ದೀನಿ. ಈಗ ಆಡಿ ನೋಡಿ.”

‘ಸರ್’ ಅಂದದ್ದು ಹಿತವಾಯಿತು. ಆಡಿದರು. ಒಂದು ಬಾಣವೂ ತಪ್ಪಲಿಲ್ಲ. ಕಪ್ಪೆ ಕುಣಿಯಿತು, ಮೇಷ್ಟ್ರೂ ಕುಣಿಯುವುದೊಂದು ಬಾಕಿ.

ಅದೇ ಹುರುಪಿನಲ್ಲಿ ಮಾರನೆಯ ಬೆಳಗ್ಗೆ ಮೈದಾನಕ್ಕೆ ಬಂದು ಕೈ ಎತ್ತಿದರು. ಇಳಿಸುವುದರೊಳಗೆ ಎಡಗಡೆಯ ಡ್ರಮ್ಮಿನ ಪೆಟ್ಟು ಬಿತ್ತು. ಇನ್ನೊಮ್ಮೆ ಎತ್ತಿದರು. ಆಗಲೂ ಅಷ್ಟೇ.

“ನಿಲ್ಲಿಸಿ!”

ಬಾರಿಸಿದವಳು ಕಡ್ಡಿ. ಮೈ ಸಣಕಲು ಎಂದು ಎಲ್ಲರೂ ಹಾಗೆ ಕರೆಯುತ್ತಿದ್ದರು. ಎರಡು ವರ್ಷದಿಂದ ಬ್ಯಾಂಡಿನಲ್ಲಿದ್ದಳು.

“ಯಾಕಮ್ಮಾ ಓಡ್ತೀಯ? ರೈಲು ಹಿಡೀಬೇಕಾ?”

“ಇಲ್ಲ ಸರ್.”

“ಸ್ಪೀಕರಿನ ಹಾಡು ಕೇಳಿಸ್ತಿಲ್ವಾ?”

“ಕೇಳಿಸ್ತಿದೆ ಸರ್.”

“ಮತ್ತೆ?”

ಅವಳು ಅಕ್ಕಪಕ್ಕದವರನ್ನು ನೋಡಿದಳು. ಯಾರೂ ತಲೆ ಎತ್ತಲಿಲ್ಲ. “ತಪ್ಪಾಯ್ತು ಸರ್,” ಅಂದಳು.

ಇಡೀ ಶಾಲೆಯ ಎದುರಿಗೆ ಅವಳ ಹೆಗಲಿನಿಂದ ಡ್ರಮ್ಮು ಬಿಚ್ಚಿಸಿದರು. ಶನಿವಾರ ವಾರ್ಷಿಕೋತ್ಸವ. ಅವಳ ಅಮ್ಮ ರಜೆ ಹಾಕಿ ಬರುವವರಿದ್ದರು. ಕಡ್ಡಿ ಅಳಲಿಲ್ಲ, ಹೋಗಿ ಸಾಲಿನ ಹಿಂದೆ ನಿಂತಳು.

ಮಧ್ಯಾಹ್ನ ಮತ್ತೆ ಚಿಲಕ, ಮತ್ತೆ ಕಪ್ಪೆ. ಗೆದ್ದ ಹಾಡನ್ನು ಇನ್ನೊಮ್ಮೆ ಗೆಲ್ಲೋಣವೆಂದು ಪುಟ ತೆರೆದರೆ ಅಲ್ಲಿ ನಲವತ್ತು ಜನರ ಬೈಗುಳ. “ಚೆನ್ನಾಗಿದ್ದ ಹಾಡನ್ನ ಯಾಕೆ ಹಾಳು ಮಾಡಿದ್ರಿ?” “ಬಾಣಗಳೆಲ್ಲ ತಡ.” “ನಮ್ಮಜ್ಜಿಗೆ ಸರಿಹೋಗುತ್ತೆ ಇದು.” ಮಾಡ್ ಕಟ್ಟಿದವರು ಒಂದಕ್ಕೂ ಎದುರಾಡಿರಲಿಲ್ಲ. ಯಾರ ಮಾತು ಕೇಳಿ ಬದಲಿಸಿದೆ ಎಂದು ಕೂಡ ಹೇಳಿರಲಿಲ್ಲ.

ಮೇಷ್ಟ್ರ ಕಿವಿ ಬಿಸಿಯಾಯಿತು. ನಲವತ್ತು ಜನಕ್ಕೆ ತಡ ಅನಿಸಿದ್ದು ತನಗೊಬ್ಬನಿಗೆ ಮಾತ್ರ ಸರಿ ಅನಿಸಿದ್ದರೆ, ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೇಲೆ ಕಡ್ಡಿಯ ಮುಖ ಕಣ್ಣ ಮುಂದೆ ಬಂತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸುಮ್ಮನಿರಬಹುದಿತ್ತು. ಆದರೆ ಡ್ರಮ್ಮು ಅಲ್ಲೇ ಮೂಲೆಯಲ್ಲಿತ್ತು, ಅದರ ಪಟ್ಟಿ ಅವಳ ಅಳತೆಗೆ ಬಿಗಿದಂತೆಯೇ ಇತ್ತು. ಎತ್ತಿಕೊಂಡು ಹೊರಟರು.

ಕಡ್ಡಿ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಡಬ್ಬಿ ಮುಚ್ಚುತ್ತಿದ್ದಳು. ಮೇಷ್ಟ್ರನ್ನು ಕಂಡು ಎದ್ದು ನಿಂತಳು.

“ತಗೋ,” ಎಂದು ಡ್ರಮ್ಮು ಚಾಚಿದರು. “ಓಡಿದ್ದು ನೀನಲ್ಲಮ್ಮ. ಹಿಂದೆ ಬಿದ್ದಿದ್ದು ನನ್ನ ಕೈ. ಎಲ್ಲರ ಮುಂದೆ ನಿನ್ನ ಮರ್ಯಾದೆ ತೆಗೆದೆ. ನಾಳೆ ಎಲ್ಲರ ಮುಂದೇನೇ ಹೇಳ್ತೀನಿ.”

“ಅದೆಲ್ಲ ಬೇಡ ಸರ್.” ಅವಳು ತಡವರಿಸಿದಳು. “ಸರ್, ಹಾಗಾದ್ರೆ... ನಾಲ್ಕನೇ ಹಾಡನ್ನ ಹಳೇ ಥರಾನೇ ಮಾಡಿಬಿಡ್ಲಾ?”

“ಅದು ಮಾಡಿದ್ದು ನೀನಾ?”

“ಹೌದು ಸರ್.”

“ನೀಲಿಕಲ್ಲು ನಾನು ಅಂತ ಹೇಗೆ ಗೊತ್ತಾಯ್ತು?”

“ಬೈಗುಳ ನಿಮ್ಮದೇ ಇತ್ತಲ್ಲ ಸರ್.”

ನಗುವುದಕ್ಕೂ ಆಗಲಿಲ್ಲ, ಅಲ್ಲಿಂದ ಹೋಗುವುದಕ್ಕೂ ಆಗಲಿಲ್ಲ. “ಒಂದು ಬಾಣವೂ ತಪ್ಪದ ಹಾಗೆ, ನನ್ನ ಕೈಗೆ ಕರಾರುವಾಕ್ಕಾಗಿ ಕೂರಿಸಿದ್ದೀಯ. ಅದನ್ನ ಹೇಗೆ ಅಳೆದೆ?”

ಕಡ್ಡಿ ತಪ್ಪು ಒಪ್ಪಿಕೊಳ್ಳುವವಳಂತೆ ತಲೆ ತಗ್ಗಿಸಿದಳು.

“ಅಳೆಯೋದೇನು ಸರ್. ಎರಡು ವರ್ಷದಿಂದ ನಾವೆಲ್ಲ ಸ್ಪೀಕರಿನ ಹಾಡು ಬಿಟ್ಟು, ನಿಮ್ಮ ಕೈ ಇಳಿಯೋವರೆಗೂ ಎಷ್ಟು ಹೊತ್ತು ಕಾದು ಬಾರಿಸ್ತೀವೋ, ಬಾಣಗಳನ್ನೂ ಅಷ್ಟೇ ಹಿಂದಕ್ಕೆ ಸರಿಸಿದೆ. ಇವತ್ತು ನಾನೊಬ್ಬಳು ಕಾಯೋದು ಮರೆತುಬಿಟ್ಟೆ.”