ಎಮ್ಮೆಯ ಬಾಯಿ ಮೂಸಿದ್ದು

ಯಾರಾದರೂ ಮಸಾಲೆ ಚಿಪ್ಸಿನ ಪಾಕೀಟು ಒಡೆದರೆ ಸಾಕು, ನನಗೆ ಇಂದಿಗೂ ಸುರೇಬಾನದ ನಮ್ಮ ಎಮ್ಮೆಯ ಬಾಯಿ ನೆನಪಾಗುತ್ತದೆ.

ಶಾಲೆ ಬಿಟ್ಟು ಬಂದ ಕೂಡಲೇ ಆಯಿ, ಅಂದರೆ ನನ್ನ ಅಜ್ಜಿ, ನನ್ನ ಅಂಗೈಗೆ ಹುರಿದ ಕಡಲೆ, ಶೇಂಗಾ, ಚೂರು ಬೆಲ್ಲ ಸುರಿಯುತ್ತಿದ್ದಳು. ಕಾಕಾ ರಾಮದುರ್ಗದಿಂದ ನನಗೆಂದೇ ತಂದ ಚಿಪ್ಸು ಮಾತ್ರ ಅವಳ ಸೆರಗಿನೊಳಗೆ ಸೇರುತ್ತಿತ್ತು.

"ಎರಡ ಊಟದ ನಡುವ ಇಂಥಾ ಹೊಲಸು ತಿಂದ್ರ ಹೊಟ್ಟಿ ಕೆಡತೈತಿ. ಎಮ್ಮಿಗೆ ಹಾಕತೇನಿ."

ಎಮ್ಮೆ ಚಿಪ್ಸು ತಿನ್ನುತ್ತದೆಯೇ? ಒಂದು ಮಧ್ಯಾಹ್ನ ನನಗೆ ಇಬ್ಬರ ಮೇಲೂ ಸಂಶಯ ಬಂತು. ಮೇವು ಹಾಕುವ ಗೋದಲಿಯಲ್ಲಿ ಕೈಯಾಡಿಸಿದರೆ ಜೋಳದ ಒರಟು ಕಣಿಕೆಯಷ್ಟೇ ಸಿಕ್ಕಿತು. ಸೊಂಟಕ್ಕೆ ಕೈಯಿಟ್ಟು, ಥೇಟ್ ಆಯಿಯ ದನಿಯಲ್ಲಿ ವಿಚಾರಣೆಗೆ ನಿಂತೆ.

"ಏನವಾ, ಚಿಪ್ಸ ಹೆಂಗಿದ್ವು? ಬಾಯಿ ತಗಿ!"

ಎಮ್ಮೆ ನನ್ನ ಮುಖದ ಮೇಲೆ ಭುಸ್ಸೆಂದು ಉಸಿರು ಬಿಟ್ಟಿತು. ಮೂಸಿ ನೋಡಿದೆ, ಬರೀ ಮೇವಿನ ವಾಸನೆ. ಪತ್ತೇದಾರನ ಮೂಗಿಗೆ ಜೊಲ್ಲು ಮೆತ್ತಿದ್ದೊಂದೇ ಲಾಭ.

ಅಷ್ಟರಲ್ಲಿ ಹಿತ್ತಲಿನಿಂದ ಪಾಕೀಟಿನ ಚರಚರ ಸದ್ದು ಬಂತು. ಓಡಿ ಹೋಗಿ ನೋಡಿದರೆ, ಒಗೆಯುವ ಕಲ್ಲಿನ ಮೇಲೆ ಕುಳಿತ ಆಯಿಯ ಗಲ್ಲದ ತುಂಬ ಕೆಂಪು ಮಸಾಲೆ.

"ಎಮ್ಮಿಗೆ ಹಾಕತೇನಿ ಅಂದಿದ್ದಿ?"

ಅವಳು ಗಾಬರಿಯಾಗಲಿಲ್ಲ. ಬೊಚ್ಚುಬಾಯಿಯಲ್ಲಿ ಇನ್ನೊಂದನ್ನು ಇಟ್ಟುಕೊಂಡು ನಿಧಾನವಾಗಿ ಚೀಪಿದಳು.

"ಇವು ಬಾಯಾಗಿಟ್ರ ತಾವ ಮೆತ್ತಗಾಗತಾವೋ, ಭಾಡ್ಯಾ. ಕಡ್ಲಿ ತಿನ್ನಾಕ ನಿನಗ ಹಲ್ಲದಾವು. ನನಗೆಲ್ಲಿ ಅದಾವು?"