ಅಲುಗಾಡದೆ ನಿಂತವನು

ಪಂದ್ಯಕ್ಕೆ ಮುನ್ನ ಎದುರು ತಂಡಕ್ಕಾಗಿ ಹಾಡುವ ಅಮೆರಿಕದ ರಾಷ್ಟ್ರಗೀತೆ ಮುಗಿದು ಕೆನಡಾದ್ದು ಶುರುವಾಗುವ ಹೊತ್ತಿಗೆ ಜಿಂತ್ರಾಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಕೆಳಗೆ ಮಂಜುಗಡ್ಡೆಯ ಅಂಕಣದಲ್ಲಿ, ನೀಲಿ ಗೆರೆಯುದ್ದಕ್ಕೂ ನಿಂತ ಕೆನಡಾದ ರೆಜೈನಾ ಊರಿನ ಐಸ್ ಹಾಕಿ ತಂಡದವರ ಸಾಲಿನಲ್ಲಿ ಅವಳ ಗಂಡ ಉಲ್ದಿಸ್, ಗೋಲ್‌ಕೀಪರ್, ಮುಖಕವಚವನ್ನು ಕಂಕುಳಲ್ಲಿ ಇರುಕಿಕೊಂಡು ಕಂಬದ ಹಾಗೆ ನಿಂತಿದ್ದ.

"ನೋಡಿದ್ಯೇನೇ?" ಪಕ್ಕದ ಕುರ್ಚಿಯ ವರ್ನಾ ಫ್ರೀಸನ್ ಮೊಣಕೈಯಿಂದ ತಿವಿದಳು. ತಂಡದ ನಾಯಕನ ತಾಯಿ ಆಕೆ. "ಅಂತೂ ನಿನ್ನ ಗಂಡ ಮರ್ಯಾದೆ ಕಲಿತ! ನಮ್ಮ ಗೀತೆ ಹಾಡೋವಾಗೆಲ್ಲ ಆ ಕಾಲಿಂದ ಈ ಕಾಲಿಗೆ ತೂಗಾಡ್ತಿದ್ದ, ಬಚ್ಚಲಿಗೆ ಅವಸರ ಆದವನ ಥರ. ಹೊರದೇಶದವನಿಗೆ ನಮ್ಮ ಗೀತೆ ಅಂದ್ರೆ ಲೆಕ್ಕಕ್ಕಿಲ್ಲ ಅಂತ ಜನ ಆಡ್ಕೊಳ್ತಿದ್ರು."

ಬೇರೆ ದಿನವಾಗಿದ್ದರೆ ಜಿಂತ್ರಾ ನಕ್ಕುಬಿಡುತ್ತಿದ್ದಳು. ಆ ತೂಗಾಟಕ್ಕೂ ಮರ್ಯಾದೆಗೂ ಸಂಬಂಧವೇ ಇರಲಿಲ್ಲ. ಲಾತ್ವಿಯಾದ ತಮ್ಮೂರಿನಲ್ಲಿ ಹುಡುಗನಾಗಿದ್ದಾಗಲೇ, ಗೋಲಿನ ಮುಂದೆ ನಿಲ್ಲುವ ಮೊದಲು ಕಾಲು ಬೆಚ್ಚಗಾಗಲೆಂದು ಉಲ್ದಿಸ್ ಕಲಿತದ್ದು ಅದು. ಚರ್ಚಿನಲ್ಲಿ ಮದುವೆಯ ದಿನವೂ ತೂಗಾಡಿದ್ದ. ಪಾದ್ರಿ ಪ್ರಾರ್ಥನೆ ನಿಲ್ಲಿಸಿ ಕಾದಿದ್ದರು. ಆಟ ಶುರುವಾದ ಮೇಲೆ ಅವನು ಕವಚದೊಳಗೆ ಮಾಯವಾಗುತ್ತಿದ್ದ. ಈ ಗೀತೆಗಳ ಹೊತ್ತಿನಲ್ಲಿ ಮಾತ್ರ ಕವಚವಿಲ್ಲದೆ ಅವನ ಮುಖ ಕಾಣುತ್ತಿತ್ತು. ಎಲ್ಲರೂ ಬಾವುಟ ನೋಡುವಾಗ ಅವಳು ಆ ಮುಖ ನೋಡುತ್ತಿದ್ದಳು. ಎರಡು ಹಾಡುಗಳಲ್ಲಿ ಒಂದೂ ಅವಳದಲ್ಲ. ಆದರೂ ಎರಡಕ್ಕೂ ಅವಳು ಋಣಿಯಾಗಿದ್ದಳು.

ಇವತ್ತು ಆ ಮುಖದಲ್ಲಿ ಕಣ್ಣು ಮುಚ್ಚಿತ್ತು. ದೀಪದ ಬೆಳಕು ತಾಗದಂತೆ ಗದ್ದ ಎದೆಗೊತ್ತಿತ್ತು. ನಿನ್ನೆ ಅಭ್ಯಾಸದಲ್ಲಿ ಹಣೆಗೆ ಪೆಟ್ಟು ಬಿದ್ದಿತ್ತಂತೆ. "ಏನಿಲ್ಲ, ಕವಚ ಇತ್ತಲ್ಲ," ಅಂದಿದ್ದ. ಬೆಳಿಗ್ಗೆ ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ ಹೊಟ್ಟೆ ಸರಿಯಿಲ್ಲವೆಂದಿದ್ದ. ವಸಂತಕ್ಕೆ ಅವನ ಕರಾರು ಮುಗಿಯುವುದರಲ್ಲಿತ್ತು, ಅವನ ಜಾಗಕ್ಕೆ ಇನ್ನೊಬ್ಬ ಸಿದ್ಧನಾಗಿ ಕೂತಿದ್ದ. ಅವಳಿಗೆ ಈಗ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಅವನು ಮರ್ಯಾದೆಗೆ ನಿಂತಿಲ್ಲ. ಅಲುಗಾಡಿದರೆ ಬೀಳುತ್ತಾನೆ.

ಅವಳು ಕೈಚೀಲ ಎತ್ತಿಕೊಂಡಳು.

"ಎಲ್ಲಿಗೇ? ಗೀತೆ ನಡೀತಿದೆ!"

"ಗೊತ್ತು."

"ಕ್ಯಾಮೆರಾ ಇದೆ ಕಣೇ! ಮುಗಿಯೋವರೆಗಾದ್ರೂ ತಡಿ."

"ಮುಗಿದ ತಕ್ಷಣ ಆಟ ಶುರುವಾಗತ್ತೆ. ಕಾಲು ಸ್ವಲ್ಪ ತೆಗೀರಿ."

ಎದೆಯ ಮೇಲೆ ಕೈಯಿಟ್ಟು ಹಾಡುತ್ತಿದ್ದವರ ಮುಂದೆ ಹಾದು ಅವಳು ನಡೆದಳು. "ನಮ್ಮ ಅನ್ನ ಬೇಕು, ನಮ್ಮ ಹಾಡು ಬೇಡ," ಎಂದು ಯಾರೋ ಹಿಂದಿನಿಂದ ಅಂದರು. ಅವಳು ತಲೆ ತಗ್ಗಿಸಲಿಲ್ಲ. ಮೆಟ್ಟಿಲ ಬಳಿ ಕಾವಲಿನ ಮುದುಕ ಟೋಪಿಯನ್ನು ಎದೆಗೊತ್ತಿಕೊಂಡು, ಇನ್ನೊಂದು ತೋಳನ್ನು ಅಡ್ಡ ಚಾಚಿದ.

"ಗೀತೆ ಮುಗಿಯೋವರೆಗೂ ಯಾರನ್ನೂ ಬಿಡಲ್ಲ ತಾಯಿ. ಪ್ರಧಾನಿ ಬಂದ್ರೂ ಅಷ್ಟೇ."

"ಪ್ರಧಾನಿ ಗಂಡ ಅಲ್ಲ, ಅಲ್ಲಿ ನಿಂತಿರೋದು ನನ್ನ ಗಂಡ. ತಲೆಗೆ ಪೆಟ್ಟಾಗಿದೆ. ಕೈ ತೆಗೀರಿ."

ಬೇಡುವ ದನಿಯಾಗಿರಲಿಲ್ಲ ಅದು. ಮುದುಕ ಅವಳನ್ನೊಮ್ಮೆ ನೋಡಿ, ಹಾಡಿನ ಮುಂದಿನ ಸಾಲು ಹಿಡಿದುಕೊಂಡೇ ತೋಳು ಇಳಿಸಿದ.

ಅಂಕಣದ ಬಾಗಿಲಲ್ಲಿ ತಂಡದ ಡಾಕ್ಟರ್ ಗಿಲ್ಲಿಸ್ ನಿಂತಿದ್ದರು. ಅವಳು ಹೇಳಿದ್ದು ಎರಡೇ ಮಾತು. ಗಾಯಕಿಯ ಕೊನೆಯ ಸ್ವರಕ್ಕೆ ಜನ ಚಪ್ಪಾಳೆ ತಟ್ಟುವಾಗ ಅವರು ಕೈಬೀಸಿ ಉಲ್ದಿಸ್‌ನನ್ನು ಒಳಕ್ಕೆ ಕರೆದರು. ಗೋಲಿಗೆ ಇನ್ನೊಬ್ಬ ಹೋದ.

"ಹುಚ್ಚು ಹಿಡಿದಿದೆಯಾ ನಿಂಗೆ?" ಡಾಕ್ಟರ ಕೋಣೆಯ ಬೆಂಚಿನ ಮೇಲೆ ಕೂತವನೇ ಉಲ್ದಿಸ್ ಹೆಂಡತಿಯ ಮೇಲೆ ಹರಿಹಾಯ್ದ. "ನನ್ನ ಜಾಗ ಅವನ ಕೈಗಿಟ್ಟೆ!"

"ಜಾಗ ಹೋದ್ರೆ ಇನ್ನೊಂದು ಹುಡುಕೋಣ. ತಲೆ ಎಲ್ಲಿ ಹುಡುಕ್ಲಿ?"

ಡಾಕ್ಟರ್ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಇದು ಯಾವ ಊರು, ಎದುರು ತಂಡ ಯಾವುದು, ಹೋದ ಪಂದ್ಯ ಗೆದ್ದವರು ಯಾರು ಎಂದು ಕೇಳಿದರು. ಉಲ್ದಿಸ್ ಪಟಪಟನೆ ಉತ್ತರಿಸಿದ. ಪೆಟ್ಟು ತಿಂದವರನ್ನು ಏನು ಕೇಳುತ್ತಾರೆಂಬುದು ಆಟಗಾರರಿಗೆಲ್ಲ ಬಾಯಿಪಾಠ; ಅವನು ಮನೆಯಿಂದಲೇ ಸಿದ್ಧನಾಗಿ ಬಂದಿದ್ದ.

"ಎಲ್ಲ ಸರಿಯಾಗೇ ಇದೆಯಲ್ಲಮ್ಮ," ಅಂದರು ಡಾಕ್ಟರ್.

"ಈಗ ಯಾವ ಗೀತೆ ಹಾಡಿದ್ರು, ಅದನ್ನ ಕೇಳಿ."

"ಅದೇನು ಕೇಳೋದು? ನಮ್ಮದು," ಅಂದ ಉಲ್ದಿಸ್.

ಸರಿಯೆಂಬಂತೆ ಡಾಕ್ಟರ್ ತಲೆಯಾಡಿಸಿದರು. ಜಿಂತ್ರಾ ಮಾತ್ರ ಗಂಡನ ಎದುರು ಮೊಣಕಾಲೂರಿ ಕೂತಳು. "ಯಾವ ನಮ್ಮದು? ಹಾಡು, ಕೇಳೋಣ."

ಅವನು ಬೇಸರದಿಂದ ಶುರುಮಾಡಿದ. ಲಾತ್ವಿಯಾದ ಗೀತೆ, ನಿಧಾನವಾಗಿ, ಪ್ರಾರ್ಥನೆಯ ಹಾಗೆ. ಎರಡು ಸಾಲು ಹಾಡಿ, ಕಣ್ಣು ತೆರೆದು, "ಇವತ್ತು ಆ ಹೆಂಗಸು ಚೆನ್ನಾಗಿ ಹಾಡಿದ್ಳು ಅಲ್ವಾ?" ಎಂದು ಕೇಳಿದ.

ಡಾಕ್ಟರ್ ಕೈಯಲ್ಲಿದ್ದ ಪುಟ್ಟ ಟಾರ್ಚನ್ನು ಮೇಜಿನ ಮೇಲಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, "ಹಾಡಿದ್ದು ಅಮೆರಿಕದ್ದು, ಕೆನಡಾದ್ದು, ಎರಡೇ ಅಲ್ವೇನಮ್ಮ?" ಅಂದರು.

"ನಿಮಗೆ ಕೇಳಿಸಿದ್ದು ಎರಡು, ಡಾಕ್ಟ್ರೇ," ಅಂದಳು ಜಿಂತ್ರಾ, ಗಂಡನ ಸ್ಕೇಟಿನ ದಾರ ಬಿಚ್ಚುತ್ತಾ.